ನಿಯತ್ತು ಪುಕ್ಕಟೆ ಬರಬಾರದು: ಪ್ರಾಣಿಗಳ ಸಾಹಸ ಕಾದಂಬರಿಗೆ ನ್ಯಾಯವಂತ ನಾಯಕಿಯನ್ನು ಕಟ್ಟುವ ಬಗೆ

ಭಾನುವಾರ ಬೆಳಗ್ಗೆ ಆರೂವರೆಗೆ ಬೆಂಗಳೂರಿನ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ, ಮಟನ್ ಅಂಗಡಿ ಮುಂದೆ ಏಳು ನಾಯಿಗಳು ಕೂತಿರುತ್ತವೆ. ಅಂಗಡಿಯವನು ಚರಬಿ, ಮೂಳೆಚೂರು ತಂದು ಮೋರಿ ಪಕ್ಕ ಸುರಿಯುತ್ತಾನೆ. ದೊಡ್ಡ ಕರಿ ನಾಯಿ ಗುರ್ ಅನ್ನುತ್ತಾ ನುಗ್ಗುತ್ತದೆ, ಮಿಕ್ಕವು ಸರಿದು ಜಾಗ ಬಿಡುತ್ತವೆ. ಇದೇ ಲೀಡರ್ ಅಂತ ನಾನು ಬಹಳ ದಿನ ನಂಬಿದ್ದೆ. ಒಂದು ದಿನ ತಿಂದಾದ ಮೇಲೂ ನಿಂತು ನೋಡಿದೆ. ಕಿವಿ ತುದಿ ಕತ್ತರಿಸಿದ ಒಂದು ಮುದಿ ಹೆಣ್ಣುನಾಯಿ ಮೈ ಮುರಿದು ಎದ್ದು, ಯಾರ ಕಡೆಯೂ ನೋಡದೆ, ಐದನೇ ಮೇನ್ ಕಡೆ ನಡೆಯಿತು. ಆರೂ ಅದರ ಹಿಂದೆ ಹೊರಟವು. ಕರಿಯನೂ ಸೇರಿ.

ಆ ಹೊತ್ತಿಗೆ ನಾನು ಬೀದಿನಾಯಿಗಳ ಸಾಹಸ ಕಾದಂಬರಿಯೊಂದನ್ನು ಇನ್ನೂರು ಪುಟ ಬರೆದು ಮುಗಿಸಿದ್ದೆ. ಎಂಟನೇ ಕ್ಲಾಸಿನಲ್ಲಿರುವ ಅಕ್ಕನ ಮಗಳಿಗೆ ಓದಲು ಕೊಟ್ಟೆ. ಮೂರು ದಿನ ಬಿಟ್ಟು ಬಂದು ಹೇಳಿದಳು: "ಮಾಮ, ಇವಳು ಲೀಡರ್ ಅಂತ ನೀನು ಹೇಳ್ತಾನೇ ಇದೀಯ. ಆ ನಾಯಿಗಳು ಯಾವೂ ಹೇಳ್ತಿಲ್ವಲ್ಲ?"

ಇನ್ನೂರು ಪುಟ ಕಪಾಟು ಸೇರಿತು. ಮತ್ತೆ ಮೊದಲಿಂದ ಬರೆಯುವಾಗ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಇಡುತ್ತಿದ್ದೇನೆ. ನಿಮ್ಮ ಕಥೆಯಲ್ಲಿ ನಾಯಿಯ ಬದಲು ಆನೆ ಇರಬಹುದು, ಕೋತಿ ಇರಬಹುದು. ದಾರಿ ಹೆಚ್ಚುಕಡಿಮೆ ಇದೇ.

1. ಊರು ಮೊದಲು, ನಾಯಕಿ ಆಮೇಲೆ

ಸಾಹಸ ಅಂದರೆ ದಟ್ಟ ಕಾಡು, ಹಿಮದ ಬೆಟ್ಟ ಬೇಕು ಅಂತೇನಿಲ್ಲ. ನನ್ನ ಕಥೆಯ ನಾಯಿಗಳು ಕೆ.ಆರ್. ಮಾರ್ಕೆಟ್ಟಿನವು. ಅಲ್ಲಿ ನೆಲೆ ತಪ್ಪುತ್ತದೆ. ಲಾಲ್‌ಬಾಗ್ ತಲುಪಬೇಕು. ನಾವು ಜೆ.ಸಿ. ರೋಡ್ ಹಿಡಿದು ಮಿನರ್ವ ಸರ್ಕಲ್ ದಾಟಿ ನಡೆದರೆ ಮುಕ್ಕಾಲು ಗಂಟೆ ಸಾಕು. ಆದರೆ ನಾಯಿಗೆ ಪ್ರತಿ ನಾಲ್ಕು ಬೀದಿಗೊಂದು ಗಡಿ. ಪ್ರತಿ ಗಡಿಯಲ್ಲೂ ಬೇರೆ ಗುಂಪು, ಬೇರೆ ವಾಸನೆ, ಬೇರೆ ಹಲ್ಲು. ನಮಗೆ ಮುಕ್ಕಾಲು ಗಂಟೆಯಾದದ್ದು ಅವಕ್ಕೆ ಮುನ್ನೂರು ಪುಟ.

ಜಾಗ ಮೊದಲು ಗೊತ್ತಾದರೆ ನಾಯಕಿ ಎದುರಿಸಬೇಕಾದ ಕಷ್ಟಗಳು ತಾವಾಗಿಯೇ ಬರುತ್ತವೆ. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವಕ್ಕೆಲ್ಲ ಹೂವಿನ ವ್ಯಾಪಾರ ಶುರು. ಕಾಲಡಿಗೆ ಸಿಗದೆ ಬದುಕುವುದೇ ಒಂದು ವಿದ್ಯೆ. ಮಳೆಗಾಲದಲ್ಲಿ ರಾಜಕಾಲುವೆ ತುಂಬುತ್ತದೆ. ದೀಪಾವಳಿಯ ಪಟಾಕಿಗೆ ನಾಯಿ ದಿಕ್ಕೆಟ್ಟು ಓಡುತ್ತದೆ. ಇನ್ನು ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಶುರು ಮಾಡಿಸಿದ ತೋಟ, ಈಗ 240 ಎಕರೆ. ಅಲ್ಲಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ನಾಯಿಗಳಿಗೆ ಇದ್ಯಾವುದೂ ಗೊತ್ತಿಲ್ಲ. ಮಧ್ಯಾಹ್ನ ಆ ಬಂಡೆ ಪಾದ ಸುಡುತ್ತದೆ, ರಾತ್ರಿಯಾದರೂ ಬೆಚ್ಚಗಿರುತ್ತದೆ ಅನ್ನುವುದು ಮಾತ್ರ ಗೊತ್ತು. ನಿಮ್ಮ ಕಾದಂಬರಿಗೆ ಬೇಕಾದ್ದು ಆ ಎರಡನೇ ಮಾಹಿತಿ.

ಒಂದು ಉಪಾಯ: ಗಡುವನ್ನೂ ಊರಿನಿಂದಲೇ ತೆಗೆದುಕೊಳ್ಳಿ. ಲಾಲ್‌ಬಾಗಿನಲ್ಲಿ ಜನವರಿ ಮತ್ತು ಆಗಸ್ಟ್‌ನಲ್ಲಿ ಫಲಪುಷ್ಪ ಪ್ರದರ್ಶನ. ಬಸವನಗುಡಿಯಲ್ಲಿ ಕಡೇ ಕಾರ್ತಿಕ ಸೋಮವಾರಕ್ಕೆ ಕಡಲೆಕಾಯಿ ಪರಿಷೆ. ಜನ ನೆರೆಯುವ ಮುಂಚೆ ದಾಟಬೇಕು ಅಂತಾದರೆ ಓಟ ತಾನಾಗಿಯೇ ಬರುತ್ತದೆ.

2. ಪ್ರಾಣಿಯ ನಿಜದ ಬದುಕು ನೋಡಿ ಬನ್ನಿ

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ನಾನು ಅತಿ ಹೆಚ್ಚು ಎಡವಿದ ಜಾಗ ಇದು.

ಗುಂಪಿನಲ್ಲಿ ಬಲಶಾಲಿಯೇ ಯಜಮಾನ, ಕಾದಾಡಿ ಗೆದ್ದವನು 'ಆಲ್ಫಾ' ಅನ್ನುವ ಮಾತು ನೀವೂ ಕೇಳಿರುತ್ತೀರಿ. ಅದರ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ ಅಧ್ಯಯನದಲ್ಲಿದೆ. ಅವರು ನೋಡಿದ್ದು ಬೋನಿನಲ್ಲಿ ಕೂಡಿಹಾಕಿದ ತೋಳಗಳನ್ನು. ಆಮೇಲೆ ತೋಳಗಳ ಸಂಶೋಧಕ ಡೇವಿಡ್ ಮೀಚ್ ಕಾಡಿನಲ್ಲಿ ವರ್ಷಗಟ್ಟಲೆ ತೋಳಗಳ ಹಿಂದೆ ಅಲೆದರು. ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಒಂದು ಸಂಸಾರ, ಅಪ್ಪ ಅಮ್ಮ ಮಕ್ಕಳು ಅಂತ 1999ರಲ್ಲಿ ಬರೆದರು. ಆಲ್ಫಾ ಅನ್ನುವ ಮಾತನ್ನು ಹಬ್ಬಿಸಿದವರಲ್ಲಿ ಮೊದಲು ಅವರೂ ಇದ್ದರು, ತಾವೇ ತಿದ್ದಿಕೊಂಡರು. ಒಟ್ಟಿನಲ್ಲಿ 'ಹಳೇ ಯಜಮಾನನನ್ನು ಕಚ್ಚಿ ಓಡಿಸಿ ನಾಯಕನಾದ' ಅನ್ನುವ ಮೊದಲ ಅಧ್ಯಾಯ ನಿಮ್ಮಲ್ಲೂ ಇದ್ದರೆ ಇನ್ನೊಮ್ಮೆ ಯೋಚಿಸಿ. ನನ್ನಲ್ಲಿತ್ತು.

ಬೀದಿನಾಯಿಗೆ ಇನ್ನೂ ಹತ್ತಿರದ ವಿಷಯವೊಂದಿದೆ. ರೋಮ್ ನಗರದ ಹೊರವಲಯದಲ್ಲಿ ಯಾರಿಗೂ ಸೇರದೆ ಓಡಾಡಿಕೊಂಡಿದ್ದ ನಾಯಿಗಳನ್ನು ಗಮನಿಸಿದ ಸಂಶೋಧಕರು 2010ರಲ್ಲಿ ಬರೆದದ್ದು ಇಷ್ಟು: ಜಗಳದಲ್ಲಿ ಹೆದರಿಸಿ ಬಗ್ಗಿಸುವ ನಾಯಿಯ ಹಿಂದೆ ಗುಂಪು ಅಷ್ಟಾಗಿ ಹೋಗುವುದಿಲ್ಲ. ಭೇಟಿಯಾದಾಗ ಮಿಕ್ಕವು ತಾವಾಗಿಯೇ ಬಾಲ ಆಡಿಸಿ, ಬಾಯಂಚು ನೆಕ್ಕಿ ಮರ್ಯಾದೆ ತೋರಿಸುವ ನಾಯಿಯ ಹಿಂದೆ ಹೋಗುವುದು ಜಾಸ್ತಿ. ಇದನ್ನು ಓದಿದ ದಿನ ನನಗೆ ನೆನಪಾದದ್ದು ಮಟನ್ ಅಂಗಡಿ. ಮೊದಲು ತಿನ್ನುವುದು ಕರಿಯ, ದಾರಿ ತೋರಿಸುವುದು ಮುದುಕಿ. ಅನ್ನ ಕಸಿಯುವ ಅಧಿಕಾರ ಒಬ್ಬರ ಹತ್ತಿರ, ನಂಬಿಕೆ ಇನ್ನೊಬ್ಬರ ಹತ್ತಿರ. ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಜಗಳ ಬೇಕಾ?

ನ್ಯಾಯದ ವಿಷಯಕ್ಕೆ ಬಂದರೆ, 2008ರಲ್ಲಿ ಪ್ರಕಟವಾದ ವಿಯೆನ್ನಾದ ಪ್ರಯೋಗ ಚಿಕ್ಕದು, ಚೆನ್ನಾಗಿದೆ. ಎರಡು ನಾಯಿಗಳನ್ನು ಪಕ್ಕಪಕ್ಕ ಕೂರಿಸಿ ಕೈ ಕೊಡು ಅಂದರು. ಒಂದಕ್ಕೆ ತಿಂಡಿ, ಇನ್ನೊಂದಕ್ಕೆ ಏನೂ ಇಲ್ಲ. ಸಿಗದ ನಾಯಿ ಸ್ವಲ್ಪ ಹೊತ್ತಿಗೆ ಕೈ ಕೊಡುವುದನ್ನೇ ನಿಲ್ಲಿಸಿತು, ಮುಖ ತಿರುಗಿಸಿತು. ಒಂಟಿಯಾಗಿದ್ದಾಗ ತಿಂಡಿ ಸಿಗದಿದ್ದರೂ ಅದು ಅಷ್ಟು ಬೇಗ ಮುನಿಯುತ್ತಿರಲಿಲ್ಲ. ಮಜಾ ಏನೆಂದರೆ, ಒಂದಕ್ಕೆ ಬ್ರೆಡ್ಡು, ಪಕ್ಕದ್ದಕ್ಕೆ ಮಾಂಸ ಕೊಟ್ಟಾಗ ಬ್ರೆಡ್ಡಿನ ನಾಯಿ ತಕರಾರು ಮಾಡಲಿಲ್ಲ. ಎಲೆಗೆ ಏನು ಬಿತ್ತು ಅನ್ನುವುದಕ್ಕಿಂತ ಎಲೆಯನ್ನೇ ಬಿಟ್ಟು ಮುಂದೆ ಹೋದರಾ ಅನ್ನುವುದೇ ಅದಕ್ಕೆ ದೊಡ್ಡದು. ಮದುವೆ ಊಟದಲ್ಲಿ ಪಂಕ್ತಿಭೇದ ಕಂಡ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೋಟ್ಸ್‌ವಾನಾದ ಆಫ್ರಿಕನ್ ಕಾಡುನಾಯಿಗಳ ವಿಷಯ ಇನ್ನೂ ವಿಚಿತ್ರ. ಬೇಟೆಗೆ ಹೊರಡುವ ಮುಂಚೆ ಅವು ಸೀನುತ್ತವೆ. ಸೀನು ಹೆಚ್ಚಾದಷ್ಟೂ ಗುಂಪು ಹೊರಡುವ ಸಾಧ್ಯತೆ ಹೆಚ್ಚು. ಮುಂದಾಳು ನಾಯಿ ಶುರು ಮಾಡಿದರೆ ಮೂರು ಸೀನು ಸಾಕು, ಸಾಮಾನ್ಯ ನಾಯಿ ಶುರು ಮಾಡಿದರೆ ಸುಮಾರು ಹತ್ತು ಬೇಕು. 2017ರಲ್ಲಿ ಪ್ರಕಟವಾದ ಮಾಹಿತಿ ಇದು. ನಮ್ಮ ಬೀದಿನಾಯಿ ಹೀಗೆ ಮಾಡುತ್ತದೆ ಅಂತ ಬರೆಯಬೇಡಿ, ಜಾತಿಯೇ ಬೇರೆ. ಆದರೆ ಒಳಗಿನ ವಿಚಾರವನ್ನು ಸಾಲ ತರಬಹುದು. ನಾಯಕಿಯ ಮಾತಿಗೆ ತೂಕ ಜಾಸ್ತಿ ನಿಜ, ಆದರೂ ಅವಳೊಬ್ಬಳ ಸೀನು ಸಾಲದು.

ಆನೆ ಕಥೆ ಬರೆಯುವವರಿಗೆ ಒಂದು ಮಾತು. ಬನ್ನೇರುಘಟ್ಟ ಪಕ್ಕದಲ್ಲೇ ಇರುವುದರಿಂದ ಬೆಂಗಳೂರಿನ ಬರಹಗಾರರಿಗೆ ಆನೆಯ ಆಸೆ ಸಹಜ. ಕೀನ್ಯಾದ ಅಂಬೊಸೆಲಿಯಲ್ಲಿ ಸಿಂಹದ ಗರ್ಜನೆಯನ್ನು ಧ್ವನಿವರ್ಧಕದಲ್ಲಿ ಕೇಳಿಸಿದಾಗ, ಅರವತ್ತು ದಾಟಿದ ಮುದುಕಿ ಮುಂದಿರುವ ಹಿಂಡುಗಳೇ ಗಂಡುಸಿಂಹದ ಅಪಾಯವನ್ನು ಚೆನ್ನಾಗಿ ಗುರುತಿಸಿದವು. ಹಿಂಡು ಅವಳನ್ನು ನಂಬುವುದು ಅವಳ ನೆನಪಿಗೆ. ಆದರೆ ಅದು ಆಫ್ರಿಕಾದ ಆನೆ. ನಮ್ಮ ಏಷ್ಯಾದ ಆನೆಗಳಲ್ಲಿ ಹಿರಿಯಳ ಹಿಡಿತ ಅಷ್ಟು ಬಿಗಿಯಾಗಿರುವುದಿಲ್ಲ.

ಕೊನೆಗೆ ಕಣ್ಣು. ನಾಯಿಗೆ ಕಾಣುವುದು ಹಳದಿ ಮತ್ತು ನೀಲಿಯ ಬಗೆಗಳು. ಮಾರ್ಕೆಟ್ಟಿನ ಚೆಂಡುಹೂವಿನ ರಾಶಿ ಅದಕ್ಕೆ ಹಳದಿಯಾಗಿ ಕಾಣುತ್ತದೆ, ಪಕ್ಕದ ಕೆಂಪು ಗುಲಾಬಿ ಮಂಕು. ನನ್ನ ಮೊದಲ ಪ್ರತಿಯಲ್ಲಿ ನಾಯಕಿ ಕೆಂಚಿ 'ರಕ್ತಗೆಂಪು ಸೂರ್ಯ'ನನ್ನು ನೋಡುತ್ತಿದ್ದಳು. ಎರಡು ಸಲ.

3. ನಿಯತ್ತನ್ನು ಮೊದಲು ಕಿತ್ತುಕೊಳ್ಳಿ

'ನಾಯಿಗಿರೋ ನಿಯತ್ತು ಮನುಷ್ಯನಿಗಿಲ್ಲ' ಅನ್ನುವುದನ್ನು ಕೇಳುತ್ತಲೇ ಬೆಳೆದವರು ನಾವು. ಕಥೆಯಲ್ಲಿ ನಾಯಿ ಕಂಡ ಕೂಡಲೇ ಓದುಗರು ನಿಯತ್ತನ್ನು ಪುಕ್ಕಟೆ ಕೊಟ್ಟುಬಿಡುತ್ತಾರೆ. ಬರೆಯುವವರೂ ಅದನ್ನೇ ನೆಚ್ಚಿಕೊಂಡು ಸುಮ್ನಿರುತ್ತಾರೆ. ಅದಕ್ಕೇ ಶುರುವಿನಲ್ಲೇ ಖಾತೆಯನ್ನು ಸೊನ್ನೆಗೆ ತನ್ನಿ. ಗುಂಪಿನ ಪ್ರತಿ ನಾಯಿಗೂ ನಾಯಕಿಯನ್ನು ಬಿಟ್ಟು ಹೋಗಲು ಒಂದು ಒಳ್ಳೇ ಕಾರಣ ಕೊಡಿ.

ನನ್ನ ಗುಂಪು ಹೀಗಿದೆ. ಕೆಂಚಿ, ಮುಂದೆ ನಡೆಯುವವಳು. ಕರಿಯ, ಅವಳ ಒಡಹುಟ್ಟು, ಬಲಶಾಲಿ, ತಾನೇ ಮುಂದೆ ಇರಬೇಕಿತ್ತು ಅಂದುಕೊಂಡವನು. ಬೆಳ್ಳಿ, ಬಾಣಂತಿ, ಮರಿಗಳಿಗೆ ಮಾರ್ಕೆಟ್ಟೇ ವಾಸಿ ಅನ್ನುವವಳು. ಚುಕ್ಕಿ, ಆಟದ ವಯಸ್ಸಿನ ಮರಿ. ಎರಡು ಮುದಿ ನಾಯಿಗಳು, ನಡೆಯಲು ಬೇಸರ. ಮತ್ತೆ ಮೋಟ. ಬಾಲ ಅರ್ಧ ಇಲ್ಲ. ಹಿಂದೆ ಒಬ್ಬ ನಾಯಕನನ್ನು ನಂಬಿ ಕಳೆದುಕೊಂಡದ್ದು ಆ ಬಾಲ.

ಆರೂ ಜನರ ಮನಸ್ಸು ಗೆಲ್ಲುವುದನ್ನು ತೋರಿಸಲು ಹೋಗಬೇಡಿ, ಪುಟ ಸಾಲುವುದಿಲ್ಲ. ಒಬ್ಬರನ್ನು ಆರಿಸಿಕೊಳ್ಳಿ, ಅತಿ ಹೆಚ್ಚು ಅನುಮಾನ ಇರುವವರನ್ನು. ಕಥೆಯನ್ನು ಅವರ ಕಣ್ಣಿನಿಂದಲೇ ಹೇಳಿದರೆ ಇನ್ನೂ ಒಳ್ಳೆಯದು. ನನ್ನ ಮೊದಲ ಪ್ರತಿ ಕೆಂಚಿಯ ತಲೆಯೊಳಗಿಂದ ಇತ್ತು. ಅವಳಿಗೆ ತಾನು ನ್ಯಾಯವಂತಳು ಅಂತ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ. ಎರಡನೇ ಪ್ರತಿ ಮೋಟನದು. ಅವನು ಕಾಯುತ್ತಿರುವುದು ಅವಳು ಯಾವಾಗ ಮೋಸ ಮಾಡುತ್ತಾಳೆ ಅಂತ.

4. ಹಂಚುವ ದೃಶ್ಯವನ್ನು ಚೆನ್ನಾಗಿ ಬರೆಯಿರಿ

ಗುಂಪಿನ ಕಥೆಯಲ್ಲಿ ನ್ಯಾಯ ಮೊದಲು ಕಾಣುವುದು ಊಟದಲ್ಲಿ. ನನ್ನ ಹಳೇ ಪ್ರತಿಯಲ್ಲಿ ಹೀಗಿತ್ತು:

"ಕೆಂಚಿ ತುಂಬ ನ್ಯಾಯವಂತಳು. ಸಿಕ್ಕಿದ್ದನ್ನು ಯಾವಾಗಲೂ ಎಲ್ಲರಿಗೂ ಸಮನಾಗಿ ಹಂಚುತ್ತಿದ್ದಳು. ಅದಕ್ಕೇ ಗುಂಪಿಗೆ ಅವಳೆಂದರೆ ಪ್ರಾಣ."

ಇದು ಪರಿಚಯ ಪತ್ರ. ತಿದ್ದಿದ ಮೇಲೆ:

"ಕವರು ಹರಿದಾಗ ಐದು ಚೂರು ಹೊರಬಿದ್ದವು. ಬಾಯಿ ಏಳು. ಕೆಂಚಿ ಮೂಸಿ ನೋಡಿದಳು, ತಿನ್ನಲಿಲ್ಲ. ದೊಡ್ಡ ಚೂರನ್ನು ಮೂತಿಯಿಂದ ಬೆಳ್ಳಿಯ ಕಡೆ ತಳ್ಳಿದಳು. ಬೆಳ್ಳಿಯ ಹೊಟ್ಟೆಯಡಿ ನಾಲ್ಕು ಮರಿ, ಕಣ್ಣು ಬಿಟ್ಟು ಎರಡು ದಿನ. ರಾತ್ರಿಯೆಲ್ಲ ಕಾವಲಿದ್ದ ಕರಿಯ ಗುರುಗುಟ್ಟಿದ. ಕೆಂಚಿ ತಿರುಗಲಿಲ್ಲ. ಎರಡನೆಯದು ಅವನ ಮುಂದೆ ಬಂತು. ಮುದುಕರಿಬ್ಬರಿಗೆ ಸೇರಿ ಒಂದು. ಚುಕ್ಕಿಯೂ ಅವಳೂ ಒಂದನ್ನು ಎರಡು ಕಡೆಯಿಂದ ಕಚ್ಚಿ ಹರಿದುಕೊಂಡರು. ಉಳಿದದ್ದನ್ನು ಕಚ್ಚಿಕೊಂಡು ಕೆಂಚಿ ನನ್ನ ಕಡೆ ಬಂದಳು. ನಾನು ನಿದ್ದೆಯ ನಾಟಕದಲ್ಲಿದ್ದೆ. ಮೂಗಿನಿಂದ ಒಂದು ಗೇಣು ದೂರದಲ್ಲಿಟ್ಟು ಹೋದಳು. ಬೆಳಗಾದಾಗ ಅದು ಅಲ್ಲೇ ಇತ್ತು. ಇರುವೆ ಮುತ್ತಿತ್ತು."

ಇಲ್ಲಿ ಗಮನಿಸಬೇಕಾದ್ದು ಕೆಲವಿದೆ. ಮೊದಲನೆಯದು ಲೆಕ್ಕ. ಚೂರು ಐದು, ಬಾಯಿ ಏಳು. ಸಾಕಷ್ಟು ಇದ್ದಾಗ ಯಾರು ಬೇಕಾದರೂ ಧರ್ಮರಾಯ ಆಗಬಹುದು. ಕೊರತೆಯನ್ನು ಅಂಕಿಯಲ್ಲಿ ಹೇಳಿ, ಓದುಗರು ತಾವೇ ಭಾಗಿಸಿ ನೋಡಲಿ.

ಎರಡನೆಯದು, ಪಾಲು ಸಮ ಇಲ್ಲ. ಬಾಣಂತಿಗೆ ದೊಡ್ಡದು. ಎಲ್ಲರಿಗೂ ಒಂದೇ ಅಳತೆ ಅಂದಿದ್ದರೆ ಅದು ತಕ್ಕಡಿಯ ಕೆಲಸ, ನಾಯಕಿ ಬೇಕಿರಲಿಲ್ಲ. ಅಸಮ ಪಾಲನ್ನು ಗುಂಪು ಒಪ್ಪುವಂತೆ ಮಾಡುವುದರಲ್ಲಿ ಕಷ್ಟ ಇದೆ, ಕಥೆಯೂ ಇದೆ. ಕರಿಯನ ಗುರುಗುಟ್ಟುವಿಕೆ ಇಲ್ಲದಿದ್ದರೆ ಈ ದೃಶ್ಯ ಸಪ್ಪೆ.

ಮೂರನೆಯದು, ಕೆಂಚಿಯೂ ತಿಂದಳು. ನಾಯಕಿಯನ್ನು ಉಪವಾಸ ಕೆಡವಬೇಡಿ. ಎಲ್ಲರಿಗೂ ಕೊಟ್ಟು ತಾನು ಹಸಿದು ಮಲಗುವವಳು ದೇವಿಯಾಗುತ್ತಾಳೆ. ದೇವಿಗೆ ಕೈ ಮುಗಿಯಬಹುದು, ಅವಳ ಹಿಂದೆ ಜೆ.ಸಿ. ರೋಡ್ ದಾಟಲು ಆಗುವುದಿಲ್ಲ. ತ್ಯಾಗ ಒಂದು ಸಲ ಇರಲಿ, ಕೊನೆಗೆ, ನಿಜಕ್ಕೂ ಬೇಕಾದಾಗ.

ಇನ್ನೊಂದು, ನನಗೆ ಇಷ್ಟವಾದದ್ದು: ಮೋಟ ತಿನ್ನಲಿಲ್ಲ. ಕೊಟ್ಟ ಕೂಡಲೇ ಕೃತಜ್ಞತೆ ಬಂದರೆ ಅದು ವ್ಯಾಪಾರ. ನನ್ನಲ್ಲಿ ಮೂರನೇ ಸಲಕ್ಕೆ, ಅವಳು ಬೆನ್ನು ತಿರುಗಿಸಿದ ಮೇಲೆ, ಅವನು ತಿನ್ನುತ್ತಾನೆ. ಅಷ್ಟು ಹೊತ್ತಿಗೆ ಓದುಗರಿಗೇ ಹಸಿವಾಗಿರುತ್ತದೆ.

ಒಂದು ತಪ್ಪೊಪ್ಪಿಗೆ. ನಿಜದ ಬೀದಿನಾಯಿ ದೊಡ್ಡ ನಾಯಿಗಳಿಗೆ ಹೀಗೆ ಬಡಿಸುವುದನ್ನು ನಾನು ಕಂಡಿಲ್ಲ. ತಾಯಿ ತನ್ನ ಮರಿಗಳಿಗೆ ಕಕ್ಕಿ ತಿನ್ನಿಸುವುದುಂಟು, ಅಷ್ಟೇ. ಇದು ಕಾದಂಬರಿ ತೆಗೆದುಕೊಂಡ ಸಲಿಗೆ. ಇಂಥ ಒಂದು ಸಲಿಗೆಯನ್ನು ಓದುಗರು ಕೊಡುತ್ತಾರೆ. ಅದೇ ನಾಯಿ ನಕ್ಷೆ ಓದಿ, ಗಡಿಯಾರ ನೋಡಿದರೆ ಕೊಡುವುದಿಲ್ಲ.

5. ನ್ಯಾಯಕ್ಕೆ ಬೆಲೆ ತೆರಲಿ

ಪರರ ಮಗನಿಗೆ ಶಿಕ್ಷೆ ಕೊಡುವುದು ಸುಲಭ. ಕರಿಯ ಒಂದು ರಾತ್ರಿ ಮರಿಗಳ ಪಾಲು ಕದಿಯುತ್ತಾನೆ. ಮೋಟ ನೋಡಿಬಿಡುತ್ತಾನೆ, ಹೇಳುವುದಿಲ್ಲ. ಕೆಂಚಿ ಏನು ಮಾಡುತ್ತಾಳೋ ನೋಡೋಣ ಅಂತ ಕಾಯುತ್ತಾನೆ. ಅವಳಿಗೆ ವಾಸನೆಯಿಂದಲೇ ಗೊತ್ತಾಗುತ್ತದೆ. ಮಾರನೇ ದಿನ ಕರಿಯನಿಗೆ ಪಾಲಿಲ್ಲ, ಕಾವಲಿನಲ್ಲಿ ಜಾಗವೂ ಇಲ್ಲ. ಅವನು ಮುನಿಸಿಕೊಂಡು ಹೊರಟುಹೋಗುತ್ತಾನೆ.

ಬಹಳ ಜನ ಇಲ್ಲೊಂದು ತಪ್ಪು ಮಾಡುತ್ತಾರೆ. ಹೋದವನು ಎರಡು ಪುಟಕ್ಕೆ ಪಶ್ಚಾತ್ತಾಪಪಟ್ಟು ವಾಪಸು. ಬೇಡ. ಬಲಶಾಲಿ ಹೋದದ್ದರ ಪೆಟ್ಟು ಗುಂಪಿಗೆ ಬೀಳಲಿ. ಕಲಾಸಿಪಾಳ್ಯದ ಗಡಿಯಲ್ಲಿ ಹಲ್ಲು ಕಿರಿದು ನಿಲ್ಲಲು ಈಗ ಯಾರೂ ಇಲ್ಲ. ಒಂದು ಮುದಿನಾಯಿ ಕಚ್ಚಿಸಿಕೊಳ್ಳುತ್ತದೆ. ಬೆಳ್ಳಿ ಮುಖಕ್ಕೆ ಹೊಡೆದ ಹಾಗೆ ಕೇಳುತ್ತಾಳೆ: 'ಒಂದು ತುಂಡು ಮೂಳೆಗೆ ಇಷ್ಟೆಲ್ಲ ಬೇಕಿತ್ತಾ?' ಕೆಂಚಿಯ ಹತ್ತಿರ ಒಳ್ಳೇ ಉತ್ತರ ಇರಬಾರದು. ಓದುಗರಿಗೂ ಒಂದು ಗಳಿಗೆ ಅನ್ನಿಸಬೇಕು, ಹೌದಲ್ವಾ, ಸುಮ್ನೆ ಕಂಡೂ ಕಾಣದ ಹಾಗೆ ಇರಬಹುದಿತ್ತಲ್ಲ ಅಂತ.

ಆದರೆ ಅದೇ ಅಧ್ಯಾಯದಲ್ಲಿ, ಮೂಲೆಯಲ್ಲಿ, ಮೋಟ ತನ್ನ ಪಾಲನ್ನು ಮೊದಲ ಸಲ ಎಲ್ಲರ ಎದುರಿಗೇ ತಿನ್ನುತ್ತಾನೆ. ಒಂದೇ ವಾಕ್ಯ. ಕಾರಣ ಬರೆಯಬೇಡಿ.

6. ಅವಳೂ ತಪ್ಪು ಮಾಡಲಿ

ದೀಪಾವಳಿ ರಾತ್ರಿ. ಟೌನ್‌ಹಾಲ್ ಕಡೆಯಿಂದ ಹೋಗುವುದು ಬೇಡ, ಕತ್ತಲಾದ ಮೇಲೆ ಸದ್ದು ಶುರುವಾಗುತ್ತದೆ ಅಂತ ಮೋಟ ಹೇಳುತ್ತಾನೆ. ಕೆಂಚಿ ಕೇಳುವುದಿಲ್ಲ. ಪಟಾಕಿಗೆ ಗುಂಪು ದಿಕ್ಕಾಪಾಲು. ಚುಕ್ಕಿ ಕಾಣೆ.

ನಾಯಿ ಕ್ಷಮಿಸಿ ಅನ್ನುವುದಿಲ್ಲ. ನಿಮ್ಮ ಕಥೆಯಲ್ಲಿ ಪ್ರಾಣಿಗಳು ಮಾತಾಡಿದರೂ ಅನ್ನಿಸಬೇಡಿ. ಕೆಂಚಿ ಚುಕ್ಕಿ ತಪ್ಪಿಸಿಕೊಂಡ ಜಾಗಕ್ಕೆ ಒಬ್ಬಳೇ ವಾಪಸು ಹೋಗಿ ಎರಡು ರಾತ್ರಿ ಮಲಗಿದಳು, ಮರಿ ವಾಸನೆ ಹಿಡಿದು ಬರಲಿ ಅಂತ. ಆಮೇಲೆ ಮುಂದಿನ ರಸ್ತೆಯ ಅಂಚಿಗೆ ಬಂದಾಗ ನಿಂತಳು. ದಾಟಲಿಲ್ಲ. ಮೋಟ ಮುಂದೆ ಬಂದು ಗಾಳಿ ಮೂಸುವವರೆಗೂ ನಿಂತೇ ಇದ್ದಳು. ನನ್ನ ಕಾದಂಬರಿಯಲ್ಲಿ ಅತಿ ಚಿಕ್ಕ ಅಧ್ಯಾಯ ಇದು, ಒಂದೂವರೆ ಪುಟ. ಅಕ್ಕನ ಮಗಳು ಪೆನ್ಸಿಲಿನಲ್ಲಿ ಗೆರೆ ಎಳೆದದ್ದು ಇಲ್ಲಿ ಮಾತ್ರ.

7. ಎದುರಾಳಿ ಮತ್ತು ಚಾಡಿಕೋರ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಲಾಸಿಪಾಳ್ಯದ ದೊರೆ ಕೆಟ್ಟವನು, ಸರಿ, ಆದರೆ ಅವನ ಹಿಂದೆಯೂ ಹತ್ತು ನಾಯಿಗಳಿವೆ. ಯಾಕಿವೆ ಅನ್ನುವುದಕ್ಕೆ ಉತ್ತರ ಬೇಕು. ಅವನಲ್ಲಿ ಊಟ ಜಾಸ್ತಿ, ಹೋಟೆಲಿನ ಹಿಂಬಾಗಿಲು ಅವನದು. ಹೊಟ್ಟೆ ತುಂಬಿಸುತ್ತಾನೆ, ಹೆದರಿಸುತ್ತಾನೆ, ಎರಡೂ. ಕರಿಯ ಹೋಗಿ ಸೇರುವುದು ಅವನನ್ನೇ. ಇನ್ನು ಚಾಡಿ ಹೇಳುವವರು. ನಾಯಕಿಯ ಕಿವಿಗೆ ಮೋಟನ ಮೇಲೆ ದೂರು ಬರಲಿ, ಅವಳು ಅದನ್ನು ಮೋಟನ ಎದುರಿಗೇ ಕೇಳಲಿ. ಸಿಂಹ ಮತ್ತು ಎತ್ತಿನ ಸ್ನೇಹವನ್ನು ನರಿಯೊಂದು ಮುರಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಓದುಗರು ಅದೇ ಆಗುತ್ತದೆ ಅಂತ ಕಾಯುತ್ತಿರುತ್ತಾರೆ.

8. ಅದು, ಅವಳು, ಅಕ್ಕ

ಇದು ಕನ್ನಡದಲ್ಲಿ ಬರೆಯುವವರಿಗೆ ಇರುವ ಅನುಕೂಲ. ದಯವಿಟ್ಟು ಹಾಳು ಮಾಡಬೇಡಿ.

ನಮ್ಮ ಭಾಷೆಯಲ್ಲಿ ಪ್ರಾಣಿ 'ಅದು'. ನಾಯಿ ಬಂತು, ಕೂತಿತು. ಹೆಸರಿಟ್ಟು ಹತ್ತಿರ ಮಾಡಿಕೊಂಡ ಮೇಲೆ ಬಂದಳು, ಕೂತಳು. ಕಾದಂಬರಿಯ ಮೊದಲ ಪುಟದಲ್ಲೇ ಇದನ್ನು ತೀರ್ಮಾನಿಸಬೇಕು. ನಾನು ಮಾಡಿದ್ದು ಹೀಗೆ: ಗುಂಪಿನ ಒಳಗಿನವರು ಅವನು, ಅವಳು. ಹೊರಗಿನ ನಾಯಿ ಅದು. ಮನುಷ್ಯರ ಬಾಯಲ್ಲಿ ಎಲ್ಲವೂ ಅದು. ದೊರೆಯ ಗುಂಪು ಮೋಟನನ್ನು 'ಅದ್ಯಾವುದೋ ಮೋಟು ಬಾಲದ್ದು' ಅನ್ನುತ್ತದೆ. ಒಂದು ಪ್ರತ್ಯಯದಲ್ಲಿ ಗಡಿ ಎಳೆದಾಯಿತು. ಆಮೇಲೆ ಒಂದು ಪರನಾಯಿ ಗುಂಪಿಗೆ ಸೇರುವಾಗ ವಿವರಣೆಯೇ ಬೇಡ. ಪುಟದ ಮೇಲ್ಭಾಗದಲ್ಲಿ 'ಬಂತು' ಇದ್ದದ್ದು ಕೆಳಭಾಗದಲ್ಲಿ 'ಬಂದ' ಆಗುತ್ತದೆ.

ಕರೆಯುವುದೂ ಹಾಗೇ. ಮೋಟ ಮೊದಲು 'ಏನೇ ಕೆಂಚಿ' ಅನ್ನುತ್ತಾನೆ. ಕರಿಯ ಹೋದ ಮೇಲೆ ಹೆಸರು ಹಿಡಿದು ಕರೆಯುವುದನ್ನು ಬಿಡುತ್ತಾನೆ, ಏನೂ ಕರೆಯುವುದಿಲ್ಲ. 'ಅಕ್ಕ' ಅನ್ನುವ ಮಾತು ಇಡೀ ಕಾದಂಬರಿಯಲ್ಲಿ ಒಂದೇ ಸಲ ಬರುತ್ತದೆ. ಅದೂ ಅವಳ ಎದುರಿಗಲ್ಲ. ಎಲ್ಲಿ ಅಂತ ಮುಂದೆ ಹೇಳುತ್ತೇನೆ.

9. ಅವಳನ್ನು ದೂರ ಮಾಡಿ

ನಾಯಕಿ ಎದುರಿಗಿದ್ದಾಗ ತೋರಿಸುವ ನಿಯತ್ತಿನಲ್ಲಿ ಅರ್ಧ ಭಯ ಇರಬಹುದು, ಅಭ್ಯಾಸ ಇರಬಹುದು. ಅವಳಿಲ್ಲದಾಗ ಏನಾಗುತ್ತದೆ ನೋಡಬೇಕು. ಬೆಂಗಳೂರಿನ ಬೀದಿನಾಯಿ ಕಥೆಗೆ ಇದಕ್ಕೆ ಸಿದ್ಧ ಘಟನೆಯೇ ಇದೆ: ನಾಯಿ ಹಿಡಿಯುವ ಗಾಡಿ. ಹಿಡಿದು, ಸಂತಾನಹರಣ ಆಪರೇಷನ್ ಮಾಡಿ, ರೇಬಿಸ್ ಚುಚ್ಚುಮದ್ದು ಕೊಟ್ಟು, ಗುರುತಿಗೆ ಕಿವಿಯಂಚು ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡಬೇಕು ಅನ್ನುವುದು 2001ರ ನಿಯಮ, 2023ರ ನಿಯಮದಲ್ಲೂ ಹಾಗೇ ಇದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಲ್ಲಿ ಹಿಡಿದದ್ದನ್ನು ಅಲ್ಲಿಗೆ ವಾಪಸು ಬಿಡಬಾರದು ಅಂತ ಸುಪ್ರೀಂ ಕೋರ್ಟು 2025ರ ನವೆಂಬರಿನಲ್ಲಿ ಹೇಳಿತು. ಆದ್ದರಿಂದ ನಿಮ್ಮ ಕಥೆ ಯಾವ ವರ್ಷದ್ದು, ಎಲ್ಲಿ ಹಿಡಿದರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ.

ನನ್ನ ಕಥೆಯಲ್ಲಿ ಗಾಡಿ ಬರುವುದು ಮಿನರ್ವ ಸರ್ಕಲ್ ಹತ್ತಿರ. ಕೆಂಚಿ ಬಲೆಗೆ ಬೀಳುತ್ತಾಳೆ. ಗುಂಪಿಗೆ ಎರಡು ದಾರಿ. ಲಾಲ್‌ಬಾಗ್ ಕೂಗಳತೆಯಲ್ಲಿದೆ, ಹೋಗಿಬಿಡಬಹುದು. ಇಲ್ಲವೇ ಇಲ್ಲೇ ಪರರ ಗಡಿಯಲ್ಲಿ, ದಿನಾ ಕಚ್ಚಿಸಿಕೊಂಡು, ಬರುತ್ತಾಳೋ ಇಲ್ಲವೋ ಗೊತ್ತಿಲ್ಲದವಳಿಗೆ ಕಾಯಬೇಕು. ವಾಪಸು ಬಿಡುತ್ತಾರೆ ಅನ್ನುವ ನಿಯಮ ಓದುಗರಿಗೆ ಗೊತ್ತು, ನಾಯಿಗಳಿಗೆ ಗೊತ್ತಿಲ್ಲ. ಹುಲಿಯ ಬಾಯಿಗೆ ವಾಪಸು ಬರುತ್ತೇನೆಂದು ಮಾತು ಕೊಟ್ಟ ಹಸುವಿನ ಕಥೆಯಲ್ಲಿ ಮಾತಾದರೂ ಇತ್ತು. ಕೆಂಚಿ ಯಾವ ಮಾತೂ ಕೊಟ್ಟು ಹೋಗಿಲ್ಲ.

ಕಾಯುವ ದಿನಗಳನ್ನು ಅಳು, ಊಳಿಡುವುದರಿಂದ ತುಂಬಿಸಬೇಡಿ. ಊಟದಿಂದ ತುಂಬಿಸಿ. ಮೊದಲ ರಾತ್ರಿ ಸಿಕ್ಕಿದ್ದು ಮೂರು ಚೂರು. ಎಲ್ಲರೂ ಮೋಟನನ್ನು ನೋಡುತ್ತಾರೆ. ಅವನಿಗೆ ಹಸಿವು. ದೊಡ್ಡ ಚೂರನ್ನು ಮೂತಿಯಿಂದ ಬೆಳ್ಳಿಯ ಕಡೆ ತಳ್ಳುತ್ತಾನೆ. ಆಚೆ ಬೀದಿಯ ಒಂದು ನಾಯಿ ಇದನ್ನು ನೋಡಿ ನಗುತ್ತದೆ: 'ದೊಡ್ಡದನ್ನ ಬಿಟ್ಟುಕೊಡೋಕೆ ನಿಂಗೇನು ಹುಚ್ಚಾ? ಯಾರು ಹೇಳಿದ್ದು?'

'ಅಕ್ಕ ಹೇಳಿದ್ದು.'

ನಾಲ್ಕನೇ ಕ್ಲಾಸಿನ ಪಾಠದಂತೆ ಕೇಳಿಸುತ್ತದಾ? ಹಿಂದಿನ ಇನ್ನೂರೈವತ್ತು ಪುಟ ಸರಿಯಾಗಿ ಬಂದಿದ್ದರೆ ಕೇಳಿಸುವುದಿಲ್ಲ.

10. ತಿದ್ದುವಾಗ

ಹಸ್ತಪ್ರತಿಯಲ್ಲಿ ನಾಯಕಿ, ಯಜಮಾನಿ, ನ್ಯಾಯ, ನಿಯತ್ತು ಅನ್ನುವ ಮಾತುಗಳನ್ನು ಹುಡುಕಿ ಒಂದೊಂದಾಗಿ ಅಳಿಸಿ. ಅಳಿಸಿದ ಮೇಲೂ ದೃಶ್ಯ ನಿಂತರೆ ಸರಿ. ಕುಸಿದರೆ ಆ ಮಾತೇ ಅಲ್ಲಿ ಕಂಬವಾಗಿತ್ತು, ದೃಶ್ಯವನ್ನೇ ಮತ್ತೆ ಬರೆಯಿರಿ. ನಾಯಕಿಯ ಭಾಷಣಗಳನ್ನು ಎಣಿಸಿ. ನನ್ನಲ್ಲಿ ಬಂಡೆಯ ಮೇಲೆ ನಿಂತು ಮಾಡಿದ ಒಂದು ಇತ್ತು, ಹಿಂದೆ ಸೂರ್ಯ ಬೇರೆ. ಅದು ಹೋಯಿತು. ಆಮೇಲೆ ಬಣ್ಣ, ವಾಸನೆ, ಅದು-ಅವಳು ಒಂದು ಸುತ್ತು ನೋಡಿ. ಮರಿಗಳ ವಯಸ್ಸೂ ನೋಡಿ. ಹುಟ್ಟಿದ ಮರಿ ಕಣ್ಣು ಬಿಡಲು ಸುಮಾರು ಎರಡು ವಾರ ಬೇಕು. ನನ್ನ ಹಳೇ ಪ್ರತಿಯಲ್ಲಿ ಮೂರನೇ ದಿನಕ್ಕೇ ಚಂದ್ರನನ್ನು ನೋಡಿದ್ದವು.

ಹೊಸ ಪ್ರತಿಯನ್ನು ಹೋದ ತಿಂಗಳು ಅಕ್ಕನ ಮಗಳಿಗೆ ಕೊಟ್ಟೆ. ಈಗ ಒಂಬತ್ತನೇ ಕ್ಲಾಸು, ಟ್ಯೂಷನ್ನು, ಓದಲು ಹನ್ನೆರಡು ದಿನ ಹಿಡಿಯಿತು. ಲೀಡರ್ ವಿಷಯ ಎತ್ತಲೇ ಇಲ್ಲ. ಅವಳು ಕೇಳಿದ್ದು ಒಂದೇ: "ಮಾಮ, ಕೆಂಚಿ ವಾಪಸ್ ಬಂದಾಗ ಅವಳ ಪಾಲು ಎತ್ತಿಟ್ಟಿದ್ರಾ?"

ಬರೆದಿರಲಿಲ್ಲ. ಈಗ ಬರೆಯುತ್ತಾ ಕೂತಿದ್ದೇನೆ.